ಅಗ್ಗದ ಸಾಮಾನು ಎಲ್ಲಿ ಕೈಕೊಡುತ್ತದೆ?

ಬೆಟ್ಟ ಹತ್ತುವುದು, ಬಯಲಲ್ಲಿ ರಾತ್ರಿ ಕಳೆಯುವುದು ಬೆಂಗಳೂರಿನವರ ವಾರದ ಕೊನೆಯ ಹವ್ಯಾಸ ಎಂಬ ಭಾವನೆ ನಮ್ಮ ಕಡೆ ಬೇರೂರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಟ್ಟಿಗಂತೂ ಅದು ಪೂರ್ತಿ ತಪ್ಪು. ಕೊಟ್ಟೂರೇಶ್ವರನ ತೇರು ಹತ್ತಿರ ಬಂತೆಂದರೆ ದಾವಣಗೆರೆಯಿಂದ ಅರವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿಯನ್ನು ಸಾವಿರಾರು ಮಂದಿ ಕಾಲ್ನಡಿಗೆಯಲ್ಲೇ ಸವೆಸುತ್ತಾರೆ. ಭರತ ಹುಣ್ಣಿಮೆಗೆ ಮೈಲಾರದ ಕಾರಣಿಕ ಕೇಳಲು ಬಂಡಿ ಕಟ್ಟಿಕೊಂಡು ಬಂದವರು ಹೊಲಗಳಲ್ಲೇ ಬಿಡಾರ ಹೂಡುತ್ತಾರೆ. ಉಚ್ಚಂಗಿದುರ್ಗದ ಗುಡ್ಡವನ್ನು ಹುಣ್ಣಿಮೆ ಬಂದಾಗೊಮ್ಮೆ ಹತ್ತಿ ಇಳಿಯುವವರಿದ್ದಾರೆ. ಕುರಿಗಾಹಿಗಳ ಮಾತಂತೂ ಹೇಳುವುದೇ ಬೇಡ. ಹಿಂಡಿನ ಜೊತೆ ಊರೂರು ತಿರುಗುವ ಅವರಿಗೆ ಬಯಲೇ ಮಲಗುವ ಮನೆ.

ಇವರ ಜೊತೆಗೆ ಈಗ ಕಾಲೇಜು ಓದುವ ಮಕ್ಕಳು ಸೇರಿದ್ದಾರೆ. ಗುಡೇಕೋಟೆ, ಜರಿಮಲೆಯ ಕೋಟೆಗಳನ್ನು ಹತ್ತಿ ಫೋಟೊ ತೆಗೆದುಕೊಂಡು ಬಂದವರು ಮರುವರ್ಷ ಕುದುರೆಮುಖಕ್ಕೋ ಕುಮಾರ ಪರ್ವತಕ್ಕೋ ಹೊರಡುತ್ತಾರೆ. ಪಾದಯಾತ್ರಿಗಳಾಗಲಿ ಈ ಮಕ್ಕಳಾಗಲಿ ಸಾಮಾನು ಕೊಳ್ಳುವುದು ಒಂದೇ ಬಗೆಯ ಜಾಗದಲ್ಲಿ: ದಾವಣಗೆರೆಯಲ್ಲೋ ಹೊಸಪೇಟೆಯಲ್ಲೋ ‘ಸೇಲ್’ ಹಚ್ಚಿದ ಅಂಗಡಿ, ಸಂತೆಯಲ್ಲಿ ತಾಡಪತ್ರಿಯ ಮೇಲೆ ಸುರಿದ ಬೂಟಿನ ರಾಶಿ, ಇಲ್ಲವೆ ಮೊಬೈಲಿನಲ್ಲಿ ಹಬ್ಬಕ್ಕೊಮ್ಮೆ ಬರುವ ರಿಯಾಯಿತಿ. ಬೇರೆ ದಾರಿಯಾದರೂ ಎಲ್ಲಿದೆ? ಉದ್ಯೋಗ ಖಾತ್ರಿಯಲ್ಲಿ 2025–26ನೇ ಸಾಲಿಗೆ ನಮ್ಮ ರಾಜ್ಯಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಆರು ಸಾವಿರದ ಬೂಟು ಎಂದರೆ ಹದಿನಾರು ದಿನದ ದುಡಿಮೆ. ಅಂಥ ಮನೆಯ ಹುಡುಗನಿಗೆ ‘ಒಳ್ಳೆಯದನ್ನೇ ತಗೋ’ ಎಂದು ಹೇಳುವುದು ಸುಲಭ, ತಗೊಳ್ಳುವುದು ಸುಲಭವಲ್ಲ.

ಈ ವಿಷಯದಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಅಗ್ಗದ್ದು ಕೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ, ಒಮ್ಮೆ ಒಳ್ಳೆಯದು ಕೊಂಡರೆ ಹತ್ತು ವರ್ಷ ಚಿಂತೆಯಿಲ್ಲ ಎಂಬುದು ಒಂದು. ನಮ್ಮಜ್ಜ ಬರಿಗಾಲಲ್ಲೇ ನಡೆದ, ಇವೆಲ್ಲ ಪೇಟೆಯವರ ಷೋಕಿ, ಯಾವುದಾದರೂ ನಡೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ಬಡವರನ್ನು ದಾರಿಯಿಂದಲೇ ಹೊರಗಿಡುತ್ತದೆ. ಎರಡನೆಯದು ಅವರ ಕಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಲೆಚೀಟಿ ನೋಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂಬುದು ನನ್ನ ವಾದ: ಈ ವಸ್ತು ಕೈಕೊಟ್ಟರೆ ಎಲ್ಲಿ ಕೈಕೊಡುತ್ತದೆ, ಆಗ ಏನಾಗುತ್ತದೆ? ಬುತ್ತಿಯ ಡಬ್ಬಿಯ ಮುಚ್ಚಳ ಮುರಿದರೆ ಬಟ್ಟೆ ಕಟ್ಟಿ ಮುಂದೆ ಹೋಗಬಹುದು. ಊರಿಂದ ಎರಡು ಹರದಾರಿ ಆಚೆ ಬೂಟಿನ ಅಟ್ಟೆ ಕಿತ್ತರೆ ಹಾಗೆ ಹೋಗಲಾಗದು. ಎರಡಕ್ಕೂ ಒಂದೇ ಜಿಪುಣತನವೂ ಸಲ್ಲದು, ಒಂದೇ ಉದಾರತನವೂ ಸಲ್ಲದು.

ಬೂಟಿನಿಂದಲೇ ತೊಡಗೋಣ, ಯಾಕೆಂದರೆ ಹೆಚ್ಚು ಜನ ಪೆಟ್ಟು ತಿನ್ನುವುದು ಅಲ್ಲೇ. ಈ ಸೀಮೆಯ ನೆಲ ಕಾಲಿಗೆ ಮೆತ್ತಗಿಲ್ಲ. ಕೂಡ್ಲಿಗಿಯ ಕಡೆ ಬಂಡೆಗುಂಡು ಮತ್ತು ಗರಸು, ಹೊಳೆಯ ಕಡೆ ಎರೆ, ಎಲ್ಲೆಲ್ಲೂ ಬಳ್ಳಾರಿ ಜಾಲಿ. ಅದರ ಒಣಮುಳ್ಳು ಸೈಕಲ್ ಟೈರಿಗೇ ಇಳಿಯುತ್ತದೆ. ಸೇಲಿನಲ್ಲಿ ನಾಲ್ಕೈದು ನೂರಕ್ಕೆ ಸಿಗುವ ಬೂಟುಗಳ ಅಟ್ಟೆ ಬಹುಪಾಲು ಬರೀ ಫೋಮು. ಕೈಯಲ್ಲಿ ಹಿಡಿದರೆ ಹಗುರ, ತೊಟ್ಟರೆ ಹಾಯ್ ಎನಿಸುತ್ತದೆ. ಜಾಲಿಯ ಮುಳ್ಳು ಮಾತ್ರ ಅದನ್ನು ದಾಟಿ ಅಂಗಾಲಿಗೇ ಬರುತ್ತದೆ. ಕುರಿಗಾಹಿಗಳು ಹಳೆಯ ಟೈರು ಕತ್ತರಿಸಿ ಅಟ್ಟೆ ಹಾಕಿಸಿದ ಭಾರದ ಚಪ್ಪಲಿ ತೊಡುವುದು ಹಳಬರೆಂಬ ಕಾರಣಕ್ಕಲ್ಲ. ಈ ನೆಲದ ಮೇಲೆ ದಿನವಿಡೀ ನಡೆದವರು ಕಂಡುಕೊಂಡ ಉತ್ತರ ಅದು, ಅಗ್ಗದ ಉತ್ತರವೂ ಹೌದು. ಹೆದ್ದಾರಿಯ ಡಾಂಬರಿನ ಮೇಲೆ ನಡೆಯುವವರಿಗೆ ಫೋಮು ನಡೆದೀತು. ಹೊಲದ ಬದು, ಕುರುಚಲು ಕಾಡು, ಗುಡ್ಡದ ಕಾಲುದಾರಿ ಹಿಡಿಯುವವರಿಗೆ ಮೇಲೆ ಫೋಮಿದ್ದರೂ ಕೆಳಗೆ ಗಟ್ಟಿ ರಬ್ಬರಿನ ಪದರ ಬೇಕೇ ಬೇಕು. ಉಗುರಿನಿಂದ ಒತ್ತಿ ನೋಡಿ: ಗುರುತು ಹಾಗೇ ಉಳಿದರೆ ಅದು ಮುಳ್ಳಿಗೆ ತಡೆಯುವ ಅಟ್ಟೆಯಲ್ಲ.

ಅಂಟಿನ ಕಥೆ ಇನ್ನೊಂದು. ಅಗ್ಗದ ಬೂಟಿನ ಅಟ್ಟೆಗೆ ಹೊಲಿಗೆ ಇರುವುದಿಲ್ಲ, ಅಂಟು ಮಾತ್ರ. ತೇರಿನ ಹೊತ್ತಿಗೆ ಬಿಸಿಲು ಆಗಲೇ ಚುರುಗುಟ್ಟಲು ಶುರುವಾಗಿರುತ್ತದೆ. ಡಾಂಬರು ಕಾದು, ಕಳಪೆ ಅಂಟು ಮೆತ್ತಗಾಗಿ, ಹೆಬ್ಬೆರಳಿನ ಕೆಳಗೆ ಮಡಿಚುವ ಜಾಗದಲ್ಲಿ ಅಟ್ಟೆ ಬಾಯಿ ಬಿಡುತ್ತದೆ. ಇದಕ್ಕೆ ಮದ್ದು ಸಾವಿರಾರು ರೂಪಾಯಿಯದಲ್ಲ. ಬೂಟು ಕೊಂಡ ದಿನವೇ ಬಸ್‌ಸ್ಟ್ಯಾಂಡಿನ ಬಳಿ ಕೂರುವ ಚಪ್ಪಲಿ ಹೊಲಿಯುವವರ ಹತ್ತಿರ ಹೋಗಿ ಸುತ್ತಲೂ ಮೇಣ ಹಚ್ಚಿದ ದಾರದ ಹೊಲಿಗೆ ಹಾಕಿಸಿದರೆ ಸಾಕು. ಅವರು ದಬ್ಬಳದಿಂದ ಅಟ್ಟೆಯ ಅಂಚನ್ನು ಚುಚ್ಚುವ ರೀತಿಯಲ್ಲೇ ಬೂಟಿನ ಗುಣ ಗೊತ್ತಾಗುತ್ತದೆ. ದಬ್ಬಳ ಸಲೀಸಾಗಿ ಇಳಿದು, ದಾರ ಎಳೆದಾಗ ಅಟ್ಟೆ ಹರಿಯದೆ ಕಚ್ಚಿಕೊಂಡರೆ ಅದು ಬಾಳಿಕೆಯ ಮಾಲು. ದಾರದ ಬಿಗಿಗೇ ಅಂಚು ಪುಡಿಪುಡಿಯಾಗಿ ಉದುರಿದರೆ ಅದನ್ನು ಅಂಗಡಿಗೆ ವಾಪಸ್ ಕೊಡುವುದೇ ಮೇಲು.

ಹಾಗೆ ಪುಡಿಯಾಗುವುದಕ್ಕೆ ಒಂದು ಕಾರಣವಿದೆ, ರಿಯಾಯಿತಿ ಅಂಗಡಿಗೆ ಹೋಗುವ ಎಲ್ಲರೂ ತಿಳಿದಿರಬೇಕಾದದ್ದು. ಹಲವು ಬೂಟುಗಳ ನಡು ಅಟ್ಟೆಯನ್ನು ಪಾಲಿಯುರೆಥೇನ್ ಎಂಬ ವಸ್ತುವಿನಿಂದ ಮಾಡುತ್ತಾರೆ. ಗಾಳಿಯಲ್ಲಿನ ತೇವ ಅದರೊಳಕ್ಕೆ ಸೇರಿ ವರ್ಷ ಕಳೆದಂತೆ ಅದರ ಬಂಧವನ್ನೇ ಬಿಡಿಸುತ್ತದೆ. ತೊಡದೆ ಡಬ್ಬದಲ್ಲಿ ಇಟ್ಟರೂ ಇದು ತಪ್ಪುವುದಿಲ್ಲ. ತೊಡದೆ ಇಟ್ಟದ್ದೇ ಬೇಗ ಕೆಡುವುದೂ ಉಂಟು. ಅರ್ಧ ಬೆಲೆಗೆ ಸಿಗುವ ದೊಡ್ಡ ಕಂಪನಿಯ ಬೂಟು ಎಷ್ಟೋ ಸಲ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಮಾಲು. ಹೊರಗೆ ಫಳಫಳ, ಒಳಗೆ ಸಡಿಲ. ಮೊದಲ ಹತ್ತು ಮೈಲಿಯಲ್ಲೇ ಅಟ್ಟೆ ತುಂಡುತುಂಡಾಗಿ ಬೀಳುತ್ತದೆ. ತಯಾರಾದ ತಿಂಗಳು, ವರ್ಷವನ್ನು ಡಬ್ಬದ ಮೇಲೆ ಮುದ್ರಿಸಬೇಕೆಂಬ ನಿಯಮವಿದೆ. ಬೆಲೆ ನೋಡುವ ಮೊದಲು ಅದನ್ನು ನೋಡಬೇಕು. ಹಳೆಯದಾಗಿದ್ದರೆ ಎಂಬತ್ತು ಪರ್ಸೆಂಟ್ ರಿಯಾಯಿತಿಯೂ ದುಬಾರಿಯೇ.

ಇನ್ನು ಅಳತೆ. ಪಾದ ಸಂಜೆಗೆ ಊದಿಕೊಂಡಿರುತ್ತದೆ, ಆದ್ದರಿಂದ ಸಂಜೆಯೇ ಹೋಗಿ, ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ತೊಟ್ಟು ನೋಡಬೇಕು. ಬೆರಳಿನ ಮುಂದೆ ಅರ್ಧ ಇಂಚು ಜಾಗ ಉಳಿಯದಿದ್ದರೆ ಗುಡ್ಡ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಕೊಂಡ ಮೇಲೆ ಎರಡು ಮೂರು ವಾರ ಊರಲ್ಲೇ ತೊಟ್ಟು ತಿರುಗಬೇಕು. ತೇರಿನ ಹಿಂದಿನ ದಿನ ಹೊಸ ಬೂಟು ಕೊಂಡು ಹೊರಟವರ ಹಿಮ್ಮಡಿಯನ್ನು ದಾರಿಬದಿಯ ಸೇವೆಯ ಪೆಂಡಾಲುಗಳಲ್ಲಿ ನೋಡಬೇಕು: ಬೊಬ್ಬೆ ಒಡೆದು, ಕಾಲುಚೀಲ ಗಾಯಕ್ಕೆ ಅಂಟಿ, ಬಿಸಿನೀರು ಹಾಕಿ ನೆನೆಸಿ ಬಿಡಿಸಬೇಕಾಗುತ್ತದೆ. ಅಲ್ಲಿ ತಪ್ಪು ಬೆಲೆಯದಲ್ಲ, ಅವಸರದ್ದು. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರ ಮಾತು ಬೇರೆ, ಅದು ಅವರ ಮತ್ತು ದೇವರ ನಡುವಿನದು.

ಬೂಟಿನ ವಿಷಯದಲ್ಲಿ ಇಷ್ಟು ಬಿಗಿಯಾಗಿರುವ ನಾನು ಹೆಗಲಚೀಲದ ವಿಷಯದಲ್ಲಿ ಕೈ ಸಡಿಲ ಬಿಡುತ್ತೇನೆ. ಇದಕ್ಕೆ ದೂರದ ದೇಶದ ಒಂದು ಉದಾಹರಣೆ ಇದೆ. ಅಮೆರಿಕದ ಓಹಾಯೊ ರಾಜ್ಯದ ಎಮ್ಮಾ ಗೇಟ್‌ವುಡ್ ಹನ್ನೊಂದು ಮಕ್ಕಳ ತಾಯಿ, ರೈತಾಪಿ ಹೆಂಗಸು. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಬೆನ್ನಿಗೆ ಮನೆಯಲ್ಲೇ ಹೊಲಿದ ಒರಟು ಬಟ್ಟೆಯ ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಹೊದೆಯಲು ಒಂದು ಕಂಬಳಿ. ಡೇರೆಯಿಲ್ಲ, ಸ್ಲೀಪಿಂಗ್ ಬ್ಯಾಗಿಲ್ಲ. ಅವರ ಕಥೆಯನ್ನು ‘ಸಾಮಾನು ಬೇಕಿಲ್ಲ, ಮನಸ್ಸಿದ್ದರೆ ಸಾಕು’ ಎನ್ನಲು ಬಳಸುವವರು ಒಂದು ಸಂಗತಿ ಮರೆಯುತ್ತಾರೆ: ತೊಟ್ಟಿದ್ದ ಕ್ಯಾನ್ವಾಸ್ ಬೂಟು ಸವೆದು ಹೋದಾಗಲೆಲ್ಲ ಅವರು ಹೊಸ ಜೋಡಿ ಕೊಂಡು, ಒಂದೇ ನಡಿಗೆಯಲ್ಲಿ ಹಲವು ಜೋಡಿ ಮುಗಿಸಿದರು. ಚೀಲ ಮಾತ್ರ ಕೊನೆಯವರೆಗೂ ಅದೇ.

ಚೀಲ ಕೊಳ್ಳುವಾಗ ನೋಡಬೇಕಾದದ್ದು ಎರಡೇ ಜಾಗ. ಹೆಗಲಪಟ್ಟಿ ಚೀಲಕ್ಕೆ ಸೇರುವ ಕಡೆ ಒಂದೆಳೆ ಹೊಲಿಗೆ ಇದೆಯೋ, ಪಟ್ಟಿಯನ್ನು ಒಳಕ್ಕೆ ಮಡಿಚಿ ಅಡ್ಡಡ್ಡ ನಾಲ್ಕಾರು ಸಾಲು ಹೊಲಿದಿದ್ದಾರೋ ನೋಡಿ. ಒಂದೆಳೆಯಾದರೂ ಹೆದರಬೇಕಿಲ್ಲ, ಪೇಟೆಯ ದರ್ಜಿ ಅಡ್ಡಹೊಲಿಗೆ ಹಾಕಿಕೊಡುತ್ತಾರೆ. ಆಮೇಲೆ ಜಿಪ್ಪು: ಚೀಲ ತುಂಬಿ ಬಿಗಿಯಾದಾಗಲೂ ಅದು ಕಚ್ಚುತ್ತದೆಯೇ ಎಂದು ಅಂಗಡಿಯಲ್ಲೇ ಬಟ್ಟೆ ತುರುಕಿ ಎಳೆದು ನೋಡಬೇಕು. ನೀರು ಒಳಹೋಗದ ಚೀಲ ಎಂಬ ಮಾತಿಗೆ ದುಡ್ಡು ಕೊಡುವುದು ಬೇಡ. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯಂಥದ್ದನ್ನು ಚೆನ್ನಾಗಿ ತೊಳೆದು, ಒಳಗಿನ ಬಟ್ಟೆಬರೆಯನ್ನು ಅದರಲ್ಲಿ ಸುತ್ತಿಟ್ಟರೆ ಆಯಿತು.

ದೀಪ ಮತ್ತೆ ಬೂಟಿನ ಸಾಲಿಗೆ ಸೇರುತ್ತದೆ. ಗುಡೇಕೋಟೆಯ ಸುತ್ತ ಕರಡಿಧಾಮವಿದೆ. ಮುಸ್ಸಂಜೆಗೆ ಗುಹೆಯಿಂದ ಇಳಿಯುವ ಕರಡಿ ಶೇಂಗಾ ಹೊಲಕ್ಕೂ ಬರುತ್ತದೆ. ಅದು ಮನುಷ್ಯನನ್ನು ಹುಡುಕಿಕೊಂಡು ಬರುವುದಿಲ್ಲ, ತಿರುವಿನಲ್ಲಿ ಥಟ್ಟನೆ ಎದುರಾದಾಗ ಗಾಬರಿಯಾಗಿ ಮೇಲೆ ಬೀಳುತ್ತದೆ. ಇಂಥ ಕಡೆ ಕತ್ತಲಾಗುವ ಮೊದಲೇ ಇಳಿದುಬಿಡಬೇಕು. ಹೊತ್ತು ಮೀರಿದರೆ ದೂರಕ್ಕೆ ಬೆಳಕು ಚೆಲ್ಲುವ, ಅರ್ಧ ದಾರಿಯಲ್ಲಿ ಆರದ ಬ್ಯಾಟ್ರಿ ಬೇಕು. ಮೊಬೈಲಿನ ಬೆಳಕು ಸಾಲದು.

ಒಳ್ಳೆಯ ಬ್ಯಾಟ್ರಿ ಅಗ್ಗವಾಗಿ ಎಲ್ಲಿ ಸಿಗುತ್ತದೆ? ಚಾರಣದ ಸಾಮಾನು ಎಂದು ಬೋರ್ಡು ಹಾಕಿದ ಕಪಾಟಿನಲ್ಲಲ್ಲ. ರೈತರು ಪೈಪು, ಮೋಟರಿನ ಬಿಡಿಭಾಗ, ಔಷಧಿ ಸಿಂಪಡಿಸುವ ಪಂಪು ಕೊಳ್ಳುವ ಅಂಗಡಿಯಲ್ಲಿ. ಪಂಪಿಗೆ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ರೈತ ತಲೆಗೆ ಬ್ಯಾಟ್ರಿ ಕಟ್ಟಿಕೊಂಡು ಹೊಲಕ್ಕೆ ನೀರು ಹಾಯಿಸಲು ಹೋಗುತ್ತಾನೆ. ಹಾವು, ಹಂದಿ, ಕೆಸರು ಎಲ್ಲದರ ನಡುವೆ ಅದೇ ಬೆಳಕು. ಅದು ಎರಡು ತಾಸಿಗೆ ಆರಿದರೆ ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ನಿಂತು ಕೇಳುತ್ತಾನೆ. ಹಾಗಾಗಿ ಆ ಅಂಗಡಿಯವರು ಕೆಟ್ಟ ಮಾಲನ್ನು ಬಹಳ ದಿನ ಇಟ್ಟುಕೊಳ್ಳಲಾರರು. ವರ್ಷಕ್ಕೊಮ್ಮೆ ಬಂದು ಹೋಗುವ ಗಿರಾಕಿಗೆ ಮಾರುವ ಸೇಲಿನ ಅಂಗಡಿಗೆ ಈ ಭಯವಿಲ್ಲ. ಅಗ್ಗದ ಮಾಲನ್ನು ನಂಬಬಹುದೇ ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯಂತ ಗಟ್ಟಿ ಪರೀಕ್ಷೆ ಇದು: ಈ ವಸ್ತುವನ್ನು ದಿನಾ ಬಳಸುವವರು ಇದೇ ಅಂಗಡಿಯಲ್ಲಿ ಕೊಳ್ಳುತ್ತಾರೆಯೇ? ನೈಲಾನ್ ಹಗ್ಗ, ನೀರಿನ ಕ್ಯಾನು, ಗಂಬೂಟು, ತಾಡಪತ್ರಿ ಎಲ್ಲಕ್ಕೂ ಈ ಪರೀಕ್ಷೆ ಸಲ್ಲುತ್ತದೆ.

ತಾಡಪತ್ರಿಯ ಮಾತು ಬಂದದ್ದರಿಂದ ಡೇರೆಗೆ ಬರೋಣ. ಹುಡುಗರು ಮೊದಲು ಆಸೆಪಡುವುದು ಡೇರೆಗೆ. ಮೊಬೈಲಿನಲ್ಲಿ ಸಾವಿರದೈನೂರಕ್ಕೆ ಬಣ್ಣಬಣ್ಣದ ಟೆಂಟು ಕಾಣುತ್ತದೆ. ಈ ಸೀಮೆಯಲ್ಲಿ ಅದರಿಂದ ಬರುವ ಉಪಯೋಗ ತೀರಾ ಕಡಿಮೆ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಾಡು ಇದು. ಜನ ಬಯಲಿಗೆ ಬೀಳುವ ಮಾಘ, ಫಾಲ್ಗುಣದಲ್ಲಿ ಮಳೆಯೇ ಅಪರೂಪ. ಆಗ ಬೇಕಾದದ್ದು ನೆರಳು ಮತ್ತು ಗಾಳಿ. ಮುಚ್ಚಿದ ಪಾಲಿಯೆಸ್ಟರ್ ಡೇರೆಯೊಳಗೆ ಇವೆರಡೂ ಇಲ್ಲ. ಬೆಳಗಿನ ಎಂಟಕ್ಕೇ ಒಳಗೆ ಕೂರಲಾಗದು. ಮೈಲಾರಕ್ಕೆ ಬರುವವರು ಬಂಡಿಯ ಮೂಕಿಗೆ ತಾಡಪತ್ರಿ ಕಟ್ಟಿ, ಇನ್ನೊಂದು ತುದಿಯನ್ನು ಗೂಟಕ್ಕೆ ಎಳೆದು, ಎರಡು ಕಡೆ ತೆರೆದೇ ಬಿಡುತ್ತಾರೆ. ಈ ಹವೆಗೆ ಇದಕ್ಕಿಂತ ಒಳ್ಳೆಯ ಡೇರೆಯನ್ನು ಯಾವ ಕಂಪನಿಯೂ ಮಾಡಿಲ್ಲ. ರೈತ ಸಂಪರ್ಕ ಕೇಂದ್ರದಿಂದ ಸಹಾಯಧನದಲ್ಲಿ ಬಂದ ತಾಡಪತ್ರಿ ಎಷ್ಟೋ ಮನೆಗಳಲ್ಲಿ ಈಗಾಗಲೇ ಇದೆ. ಒಕ್ಕಣೆ ಮುಗಿದ ಮೇಲೆ ಅದು ಖಾಲಿಯೇ ಬಿದ್ದಿರುತ್ತದೆ.

ಹೊದಿಕೆಯೂ ಹಾಗೆಯೇ. ನಮ್ಮಲ್ಲಿ ಮಾಗಿಯ ರಾತ್ರಿಯೂ ಸೊನ್ನೆ ಡಿಗ್ರಿಯ ಹತ್ತಿರ ಸುಳಿಯುವುದಿಲ್ಲ. ಆದರೂ ‘ಮೈನಸ್ ಐದು’ ಎಂದು ಬರೆದ ಸ್ಲೀಪಿಂಗ್ ಬ್ಯಾಗನ್ನು ಇಲ್ಲಿ ಮಾರುತ್ತಾರೆ, ಕೊಳ್ಳುತ್ತಾರೆ. ಅಗ್ಗದ ಬ್ಯಾಗುಗಳ ಮೇಲೆ ಎಷ್ಟೋ ಸಲ ಅಚ್ಚಾಗುವುದು ಅದರೊಳಗಿದ್ದವನು ಚಳಿಗೆ ಸಾಯದೆ ಉಳಿಯುವ ಅಂಕಿ. ಹಾಯಾಗಿ ನಿದ್ದೆ ಬರುವ ಅಂಕಿ ಅದಕ್ಕಿಂತ ಬಹಳ ಮೇಲಿರುತ್ತದೆ. ಇತ್ತ ದಖನಿ ಕುರಿಯ ಉಣ್ಣೆಯಿಂದ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಬಿಗಿಗೊಳಿಸಿದ ಕರಿಯ ಕಂಬಳಿ ಹಾಸಿಗೆಯೂ ಆಗುತ್ತದೆ, ಹೊದಿಕೆಯೂ ಆಗುತ್ತದೆ, ಮಳೆ ಬಂದರೆ ತಲೆಯ ಮೇಲೆ ಕೊಪ್ಪೆಯೂ ಆಗುತ್ತದೆ. ನೆನೆದರೂ ಬೆಚ್ಚಗಿರುತ್ತದೆ. ಒಲೆಯ ಕಿಡಿ ಹಾರಿ ಬಿದ್ದರೆ ಪಾಲಿಯೆಸ್ಟರಿನ ಹಾಗೆ ಕರಗಿ ಮೈಗೆ ಅಂಟುವುದಿಲ್ಲ, ಅಲ್ಲೇ ಕರಕಲಾಗಿ ಆರುತ್ತದೆ. ಭಾರ ಮಾತ್ರ ಹೌದು, ನೆನೆದರೆ ಇನ್ನೂ ಭಾರ, ಒಣಗಲು ದಿನ ಹಿಡಿಯುತ್ತದೆ. ಬೆನ್ನ ಮೇಲೆ ಹೊತ್ತು ಮಲೆನಾಡಿನ ಬೆಟ್ಟ ಹತ್ತುವವರಿಗೆ ನಾನು ಅದನ್ನು ಹೇಳುವುದಿಲ್ಲ. ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಜಾತ್ರೆಗೆ ಹೋಗುವವರು ಅದನ್ನು ಮನೆಯಲ್ಲಿ ಬಿಟ್ಟು ಸೇಲಿನ ಬ್ಯಾಗು ಕೊಳ್ಳುವುದು ನೋಡಿದಾಗ ನೋವಾಗುತ್ತದೆ. ಉಣ್ಣೆಗೆ ಬೆಲೆಯಿಲ್ಲದೆ ಕುರಿಗಾರರು ಉಣ್ಣೆ ಕೊಡದ ತಳಿಗಳ ಕಡೆ ತಿರುಗುತ್ತಿದ್ದಾರೆ, ಮಗ್ಗಗಳು ನಿಲ್ಲುತ್ತಿವೆ.

ಮಲೆನಾಡಿಗೆ ಹೊರಡುವವರ ಲೆಕ್ಕ ಬೇರೆ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ. ನಮ್ಮ ಹತ್ತು ಹನ್ನೆರಡು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ ಸುರಿಯುತ್ತದೆ. ಇಲ್ಲಿ ನಡೆದ ರೇನ್‌ಕೋಟು ಅಲ್ಲಿ ನಡೆಯದು. ಹೊಲಿಗೆಯ ಮೇಲೆ ಒಳಗಡೆ ಟೇಪು ಅಂಟಿಸಿರದಿದ್ದರೆ ನೀರು ಸೂಜಿಯ ತೂತುಗಳಿಂದಲೇ ಇಳಿಯುತ್ತದೆ, ಬಟ್ಟೆ ಎಷ್ಟು ದಪ್ಪವಿದ್ದರೂ. ಡೇರೆಗಂತೂ ಅಲ್ಲಿಯೂ ಕೆಲಸ ಕಡಿಮೆ: ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ಹಿಮಾಲಯದ ಆಸೆಯಿದ್ದವರಿಗೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನಂಥ ಸಂಸ್ಥೆಗಳ ಚಾರಣಗಳಲ್ಲಿ ಡೇರೆ, ಸ್ಲೀಪಿಂಗ್ ಬ್ಯಾಗುಗಳನ್ನು ಶಿಬಿರದಲ್ಲೇ ಕೊಡುತ್ತಾರೆ. ಇವು ಹಂಚಿಕೊಂಡು ಬಳಸುವ ವಸ್ತುಗಳು. ನಮ್ಮ ಪದವಿ ಕಾಲೇಜುಗಳ ಎನ್ನೆಸ್ಸೆಸ್ ಘಟಕಗಳು ಹತ್ತು ಒಳ್ಳೆಯ ಡೇರೆ, ಇಪ್ಪತ್ತು ಬ್ಯಾಗು ಕೊಂಡಿಟ್ಟು ಸಣ್ಣ ಬಾಡಿಗೆಗೆ ಕೊಟ್ಟರೆ ಇನ್ನೂರು ಮಕ್ಕಳು ತಲಾ ಒಂದು ಕಳಪೆ ಡೇರೆ ಕೊಳ್ಳುವುದು ತಪ್ಪುತ್ತದೆ. ಬೂಟನ್ನು ಹಾಗೆ ಹಂಚಿಕೊಳ್ಳಲಾಗದು. ಡೇರೆಯಲ್ಲಿ ಉಳಿದ ದುಡ್ಡು ಬೂಟಿಗೆ ಬರಲಿ ಎಂಬುದೇ ನನ್ನ ಮಾತಿನ ತಿರುಳು.

ರಿಯಾಯಿತಿ ಎಂಬ ಅಂಕಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2,999 ಎಂದು ಅಚ್ಚು ಹಾಕಿ ಅದನ್ನು ಅಡ್ಡಗೀಟಿನಿಂದ ಹೊಡೆದು 599 ಎಂದು ಬರೆದರೆ, ಎರಡು ಸಾವಿರದ ನಾನೂರು ಉಳಿಯಿತು ಎಂದು ಯಾರಿಗಾದರೂ ಅನಿಸುತ್ತದೆ. ಗರಿಷ್ಠ ಮಾರಾಟ ಬೆಲೆ ಎಂದರೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂಬ ಗೆರೆ. ಆ ವಸ್ತು ಎಂದಾದರೂ ಆ ಬೆಲೆಗೆ ಮಾರಾಟವಾಗಿತ್ತು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಆ ವಸ್ತು 599ಕ್ಕೆ ಯೋಗ್ಯವೇ ಎಂದಷ್ಟೇ ನೋಡಬೇಕು. ಡಬ್ಬದ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ ಇದೆಯೇ ಎಂಬುದನ್ನೂ ನೋಡಬೇಕು. 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಅದು ಕಡ್ಡಾಯ. ಹಲವು ಬಗೆಯ ಪಾದರಕ್ಷೆಗಳಿಗೆ ಈಗ ಐಎಸ್‌ಐ ಗುರುತೂ ಕಡ್ಡಾಯವಾಗಿದೆ.

‘ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡು ನೋಡಿ ಸುಮ್ಮನಾಗುವವರೇ ಹೆಚ್ಚು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆ ಹೇಳುತ್ತದೆ. ಬಿಲ್ಲು ಕೊಡದಿರುವುದು, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದು ಎರಡೂ ಅನುಚಿತ ವ್ಯಾಪಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಐದು ಲಕ್ಷದವರೆಗಿನ ಖರೀದಿಗೆ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ. ಐನೂರರ ಬೂಟು ಕೊಂಡವನಿಗೂ ಐದು ಸಾವಿರದ್ದು ಕೊಂಡವನಿಗೂ ಇಲ್ಲಿ ಇರುವ ಹಕ್ಕು ಒಂದೇ. ಆ ಹಕ್ಕು ನಿಲ್ಲುವುದು ಬಿಲ್ಲಿನ ಮೇಲೆ. ಸಂತೆಯ ರಾಶಿಯಲ್ಲಿ ಬಿಲ್ಲು ಸಿಗುವುದಿಲ್ಲ. ಆದ್ದರಿಂದ ಅಲ್ಲಿ ಕೈಕೊಟ್ಟರೂ ಚಿಂತೆಯಿಲ್ಲದ ವಸ್ತುಗಳನ್ನು ಕೊಳ್ಳೋಣ, ಬೂಟು ಮತ್ತು ಬ್ಯಾಟ್ರಿಯನ್ನು ಬಿಲ್ಲು ಕೊಡುವ ಕಡೆ.

ಇಷ್ಟೆಲ್ಲ ನೋಡಿ ಕೊಳ್ಳುವ ಪುರುಸೊತ್ತು ಕೂಲಿಗೆ ಹೋಗುವವರಿಗೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಎಷ್ಟೇ ಹೇಳಿದರೂ ತೇರಿನ ಹಿಂದಿನ ದಿನ ಕೈಗೆ ಸಿಕ್ಕ ಬೂಟು ಕೊಂಡು ಹೊರಡುವವರು ಇದ್ದೇ ಇರುತ್ತಾರೆ. ಅವರ ಕಾಲಿನ ಹೊಣೆಯನ್ನು ಅವರೊಬ್ಬರ ಮೇಲೇ ಹೊರಿಸಲಾಗದು. ಕೊಟ್ಟೂರಿನ ದಾರಿಯುದ್ದಕ್ಕೂ ಊರಿನವರು ಪಾದಯಾತ್ರಿಗಳಿಗೆ ಊಟ, ಮಜ್ಜಿಗೆ, ನೀರು ಕೊಡುತ್ತಾರೆ, ಕಾಲಿಗೆ ಮುಲಾಮು ಹಚ್ಚುತ್ತಾರೆ. ಇಷ್ಟು ಮಾಡುವ ಸೇವಾ ಸಮಿತಿಗಳು ಪ್ರತಿ ಪೆಂಡಾಲಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬರನ್ನು ನೇಮಿಸಿಕೊಳ್ಳಲಿ. ಅವರಿಗೆ ನೆರಳಲ್ಲಿ ಒಳ್ಳೆಯ ಜಾಗ, ಹಗಲಿಗೂ ರಾತ್ರಿಗೂ ಸೇರಿ ಪೂರ್ತಿ ಕೂಲಿ, ದಾರ ಮತ್ತು ಅಂಟಿನ ಖರ್ಚು ಸಮಿತಿಯದೇ ಆಗಲಿ. ಹೊಲಿಸಿಕೊಂಡವರಿಂದ ಒಂದು ರೂಪಾಯಿಯೂ ಬೇಡ. ಮೊದಲ ಪೆಂಡಾಲು ದಾವಣಗೆರೆ ದಾಟಿದ ಕೂಡಲೇ ಇರಲಿ, ಅಟ್ಟೆ ಇನ್ನೂ ಬಾಯಿ ಬಿಡುವ ಮೊದಲೇ ಹೊಸ ಬೂಟುಗಳಿಗೆ ಹೊಲಿಗೆ ಬೀಳುವ ಹಾಗೆ.